ಹಾಲು ಕರೆಯುವ ಕೈ

ಮಗಳಿಗೆ ಏಳು ತಿಂಗಳಾದಾಗ ನನ್ನ ಹೆಂಡತಿ ಫ್ರಿಜ್ ಬಾಗಿಲಿಗೆ ಒಂದು ಚಾರ್ಟ್ ಅಂಟಿಸಿದಳು. ಮಾತು ಬರುವ ಮುಂಚೆಯೇ ಮಗುವಿಗೆ ಕಲಿಸಬಹುದಾದ ಕೈಸನ್ನೆಗಳ ಚಿತ್ರ. ಹಾಲು ಕೊಡುವಾಗೆಲ್ಲ ಬಾಯಲ್ಲಿ 'ಹಾಲು' ಅಂತ ಹೇಳ್ತಾ ಕೈಯಲ್ಲಿ ಮುಷ್ಟಿ ಬಿಗಿದು ಬಿಡಬೇಕು. 'ಇನ್ನೂ ಬೇಕು' ಅನ್ನೋದಕ್ಕೆ ಎರಡೂ ಕೈಯ ಬೆರಳ ತುದಿಗಳನ್ನು ಕೂಡಿಸಿ ತಟ್ಟಬೇಕು. ಹಾಲಿನ ಸನ್ನೆ ಅಮೆರಿಕದ ಕಿವುಡರ ಭಾಷೆಯಿಂದ ಬಂದದ್ದು. ನೋಡಿದರೆ ಹಸುವಿನ ಮೊಲೆ ಹಿಂಡೋದು! ಕೊಟ್ಟಿಗೆ ಪಕ್ಕದಲ್ಲೇ ಬೆಳೆದ ನಾನು ಅದನ್ನು ಬೆಂಗಳೂರಿನ ಫ್ಲಾಟಿನಲ್ಲಿ ಚಾರ್ಟ್ ನೋಡಿ ಕಲಿಯಬೇಕಾಯ್ತು.

ಎರಡು ತಿಂಗಳು ಏನೂ ಆಗಲಿಲ್ಲ. ಒಂದು ರಾತ್ರಿ ಅಳುತ್ತಿದ್ದ ಮಗಳು ಇದ್ದಕ್ಕಿದ್ದಂತೆ ಮುಷ್ಟಿ ಹಿಂಡಿ ಹಿಂಡಿ ತೋರಿಸಿದಳು. ನಾವಿಬ್ಬರೂ ಪ್ರಾಜೆಕ್ಟ್ ಡೆಲಿವರಿ ಆದಷ್ಟು ಖುಷಿಪಟ್ವಿ.

ಆಗ ಊರಿಂದ ಅಪ್ಪನ ಜೊತೆ ದೊಡ್ಡತ್ತೆಯೂ ಬಂದಿದ್ದರು. ದೊಡ್ಡತ್ತೆಗೆ ಹುಟ್ಟಿನಿಂದ ಕಿವಿ ಕೇಳಿಸಲ್ಲ. ಊರಲ್ಲಿ ಎಲ್ಲರಿಗೂ ಅವರು 'ಮೂಗಿ'. ಅವರಿಗೂ ಒಂದು ಹೆಸರಿದೆ ಅಂತ ನನಗೆ ಗೊತ್ತಾಗಿದ್ದು ರೇಷನ್ ಕಾರ್ಡ್ ಓದೋ ವಯಸ್ಸಿಗೆ. ಮಗಳು ಮುಷ್ಟಿ ಹಿಂಡೋದನ್ನು ನೋಡಿ ದೊಡ್ಡತ್ತೆ ನಕ್ಕರು. ಆಮೇಲೆ ಅಪ್ಪನ ಕಡೆ ತಿರುಗಿ, ತಮ್ಮ ಅಂಗೈ ಮೇಲೆ ತಾವೇ ಎರಡು ಏಟು ಹಾಕಿಕೊಂಡು, ಮಗಳನ್ನು ತೋರಿಸಿ, 'ಇಲ್ವಾ?' ಅನ್ನೋ ಹಾಗೆ ಕೈ ಆಡಿಸಿದರು. ನನಗೆ ಅರ್ಥವಾಗಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವಳಿಗೆ ಯಾರೂ ಹೊಡೆಯಲ್ವಾ ಅಂತ ಕೇಳ್ತಾಳೆ" ಅಂದರು.

ಚಿಕ್ಕಂದಿನಲ್ಲಿ ಅವರನ್ನು ದೂರದ ಒಂದು ಕಿವುಡು ಮಕ್ಕಳ ಶಾಲೆಗೆ ಸೇರಿಸಿದ್ದರಂತೆ. ಅಲ್ಲಿ ಕೈ ಆಡಿಸಿದರೆ ಸ್ಕೇಲಿನ ಏಟು. ತುಟಿ ನೋಡಬೇಕು, ಬಾಯಲ್ಲೇ 'ಪ', 'ಬ', 'ಮ' ಹೇಳಬೇಕು. ಕನ್ನಡಿ ಮುಂದೆ ನಿಂತು ಹೇಳಿ ನೋಡಿ, ಮೂರೂ ತುಟಿಯಲ್ಲಿ ಒಂದೇ ಥರ ಕಾಣುತ್ತವೆ. ಎರಡು ವರ್ಷಕ್ಕೆ ತಾತ ವಾಪಸ್ ಕರಕೊಂಡು ಬಂದರು.

ಆ ಸ್ಕೇಲು ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ಇಟಲಿಯ ಮಿಲಾನ್ ಸಿಗುತ್ತೆ. 1880ರಲ್ಲಿ ಕಿವುಡರಿಗೆ ಪಾಠ ಹೇಳುವವರ ಸಮ್ಮೇಳನ ಅಲ್ಲಿ ನಡೆಯಿತು. ಸೇರಿದ್ದ 164 ಪ್ರತಿನಿಧಿಗಳಲ್ಲಿ ಸ್ವತಃ ಕಿವುಡರಾಗಿದ್ದವರು ಒಬ್ಬರೇ, ಅಮೆರಿಕದ ಜೇಮ್ಸ್ ಡೆನಿಸನ್. ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿಮಾತೇ ಶ್ರೇಷ್ಠ ಅಂತ ಭಾರೀ ಬಹುಮತದಲ್ಲಿ ನಿರ್ಣಯವಾಯ್ತು. ಅದು ಕಾನೂನೇನಲ್ಲ, ಆದರೂ ಯುರೋಪಿನ ಶಾಲೆಗಳು ಸನ್ನೆ ಬಿಟ್ಟವು, ಕಿವುಡ ಮೇಷ್ಟ್ರುಗಳು ಕೆಲಸ ಕಳೆದುಕೊಂಡರು. ಅಮೆರಿಕದಲ್ಲಿ ಈ ವಾದದ ದೊಡ್ಡ ಧ್ವನಿ ಟೆಲಿಫೋನ್ ಖ್ಯಾತಿಯ ಗ್ರಹಾಂ ಬೆಲ್. ಅವರ ತಾಯಿಗೂ ಹೆಂಡತಿಗೂ ಕಿವಿ ಕೇಳಿಸುತ್ತಿರಲಿಲ್ಲ! ಕಾಲೇಜಲ್ಲಿ ನಮಗೆ ಬೆಲ್ ಬಗ್ಗೆ ಇದನ್ನು ಯಾರೂ ಹೇಳಲಿಲ್ಲ.

ಸನ್ನೆಯೂ ಪೂರ್ತಿ ಭಾಷೆಯೇ ಅಂತ ತೋರಿಸೋಕೆ ಮತ್ತೆ 80 ವರ್ಷ ಬೇಕಾಯ್ತು. ವಾಷಿಂಗ್ಟನ್ನಿನ ಗ್ಯಾಲೊಡೆಟ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ವಿಲಿಯಂ ಸ್ಟೋಕಿ, ಕೈಯ ಆಕಾರ, ಅದು ಇರುವ ಜಾಗ, ಅದರ ಚಲನೆ ಇವು ಮಾತಿನ ಅಕ್ಷರಗಳಂತೆ ಕೂಡಿ ಪದವಾಗುತ್ತವೆ ಅಂತ 1960ರಲ್ಲಿ ಬರೆದರು. 1991ರಲ್ಲಿ ಮಾಂಟ್ರಿಯಲ್‌ನ ಲಾರಾ ಪೆಟಿಟ್ಟೊ ಇನ್ನೊಂದು ಹೆಜ್ಜೆ ಮುಂದೆ ಹೋದರು. ನಮ್ಮ ಮಕ್ಕಳು 'ಬಬಬ' ಅಂತ ತೊದಲೋ ವಯಸ್ಸಲ್ಲೇ, ಕಿವುಡ ತಂದೆತಾಯಿಯ ಕಿವುಡು ಕೂಸುಗಳು ಕೈಯಲ್ಲಿ ತೊದಲುತ್ತವೆ ಅಂತ ತೋರಿಸಿದರು.

ಈ ನಡುವೆ, 1980ರ ದಶಕದಲ್ಲಿ, ಕಿವಿ ಕೇಳುವ ಮಕ್ಕಳಿಗೂ ಸನ್ನೆ ಕಲಿಸುವ ಯೋಚನೆ ಹುಟ್ಟಿತು. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಮನಶ್ಶಾಸ್ತ್ರಜ್ಞೆಯಾಗಿದ್ದ ಲಿಂಡಾ ಅಕ್ರೆಡೋಲೊ ಅವರ ಪುಟ್ಟ ಮಗಳು ಹೂ ಕಂಡಾಗೆಲ್ಲ ಮೂಗಿನಲ್ಲಿ ಮೂಸಿ ತೋರಿಸುತ್ತಿದ್ದಳು. ಅದು ಅವಳ 'ಹೂವು'. ಅಲ್ಲಿಂದ ಅವರೂ ಸೂಸನ್ ಗುಡ್ವಿನ್ ಅವರೂ ಸಂಶೋಧನೆಗೆ ಇಳಿದು, 1996ರಲ್ಲಿ 'ಬೇಬಿ ಸೈನ್ಸ್' ಪುಸ್ತಕ ಬರೆದರು. ಸನ್ನೆ ಭಾಷೆಯ ದುಭಾಷಿ ಜೋಸೆಫ್ ಗಾರ್ಸಿಯಾ ಬಂದ ದಾರಿ ಬೇರೆ. ಕಿವುಡ ತಂದೆತಾಯಿಯ ಮಕ್ಕಳು ಬಾಯಿ ಬರುವ ಮುಂಚೆಯೇ ಬೇಕಾದ್ದನ್ನು ಕೇಳುವುದನ್ನು ಅವರು ಗಮನಿಸಿದ್ದರು. 2004ರ ಹೊತ್ತಿಗೆ ಹಾಲಿವುಡ್ ಸಿನಿಮಾದಲ್ಲೂ ('ಮೀಟ್ ದ ಫಾಕರ್ಸ್') ಮಗು ಸನ್ನೆ ಮಾಡ್ತಿತ್ತು. ಪುಸ್ತಕ, ಡಿವಿಡಿ, ಕ್ಲಾಸು, ಎಲ್ಲಾ ವ್ಯಾಪಾರ ಶುರು.

ಮಗು ಇದರಿಂದ ಜಾಣ ಆಗುತ್ತಾ? ಅಕ್ರೆಡೋಲೊ ಮತ್ತು ಗುಡ್ವಿನ್ ತಂಡದ 2000ದ ಅಧ್ಯಯನದಲ್ಲಿ ಸನ್ನೆ ಕಲಿತ ಮಕ್ಕಳು ಮಾತಿನಲ್ಲಿ ಸ್ವಲ್ಪ ಮುಂದಿದ್ದರು. 2005ರಲ್ಲಿ ಕೆನಡಾದ ಸಂಶೋಧಕರು ಅಲ್ಲಿವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಇಂಥ ದೊಡ್ಡ ಮಾತಿಗೆ ಪುರಾವೆ ಸಾಲದು ಅಂದರು. ಕಲಿಸಿದರೆ ಮಾತು ತಡವಾಗುತ್ತೆ ಅನ್ನೋ ಅಜ್ಜಿಯರ ಭಯಕ್ಕೂ ಪುರಾವೆ ಇಲ್ಲ. ನನ್ನ ಲೆಕ್ಕದಲ್ಲಿ, ನಮ್ಮ ಮಗಳ ಮಟ್ಟಿಗೆ ಇದೊಂದು ಅನುಕೂಲ ಅಷ್ಟೆ. ಕಲಿಸದಿದ್ದರೂ ಅವಳು ಮಾತಾಡ್ತಿದ್ದಳು.

ಅದೇ ಕೈಸನ್ನೆ ದೊಡ್ಡತ್ತೆಗೆ ಅನುಕೂಲ ಅಲ್ಲ, ಊಟದಷ್ಟೇ ಅಗತ್ಯ. ಶಾಲೆಯಿಂದ ಬಂದ ಮೇಲೆ ಅವರೇ ಮನೆಯೊಳಗೆ ಒಂದು ಭಾಷೆ ಕಟ್ಟಿಕೊಂಡರು. ಅಜ್ಜಿ ಅಂದ್ರೆ ಮೂಗುತಿ ಜಾಗಕ್ಕೆ ಬೆರಳು. ತಾತ ಅಂದ್ರೆ ಮೀಸೆ. ನಾನು ಅಂದ್ರೆ ಹುಬ್ಬಿನ ಮೇಲಿನ ಗಾಯ. ಹೀಗೆ ಕೇಳಿಸಿಕೊಳ್ಳುವವರ ಮನೆಯಲ್ಲಿ ಒಂಟಿಯಾಗಿ ಬೆಳೆದ ಕಿವುಡು ಮಕ್ಕಳು ತಾವೇ ಸನ್ನೆ ಕಟ್ಟಿಕೊಳ್ಳೋದನ್ನೂ ಅದರಲ್ಲೂ ಒಂದು ಕ್ರಮ ಇರೋದನ್ನೂ ಸೂಸನ್ ಗೋಲ್ಡಿನ್-ಮೆಡೋ 1970ರ ದಶಕದಲ್ಲೇ ಅಮೆರಿಕದಲ್ಲಿ ದಾಖಲಿಸಿದ್ದಾರೆ. ಆದರೆ ನಮ್ಮತ್ತೆಯ ಭಾಷೆ ಗೊತ್ತಿದ್ದವರು ಐದಾರು ಜನ. ಅವರಲ್ಲಿ ಈಗ ಉಳಿದಿರೋದು ಅಪ್ಪ ಒಬ್ಬರೇ.

ಮಿಲಾನ್ ನಿರ್ಣಯ ಮಾಡಿದ ಸಮ್ಮೇಳನ ಅದಕ್ಕಾಗಿ ವಿಷಾದ ಹೇಳಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. ನಮ್ಮಲ್ಲಿ ಭಾರತೀಯ ಸನ್ನೆ ಭಾಷೆಗಾಗಿಯೇ ದೆಹಲಿಯಲ್ಲಿ ಕೇಂದ್ರ ಸಂಸ್ಥೆ ಶುರುವಾಗಿದ್ದು 2015ರಲ್ಲಿ. 2018ರಲ್ಲಿ ಅದರ ಮೊದಲ ನಿಘಂಟು ಬಂತು, 3000 ಪದಗಳದ್ದು. ಆ ಹೊತ್ತಿಗೆ ದೊಡ್ಡತ್ತೆಗೆ ಅರವತ್ತು ದಾಟಿತ್ತು.

ಮಗಳು ಈಗ 'ಆಲು' ಅಂತಾಳೆ, ಮುಷ್ಟಿ ಹಿಂಡೋದು ಬಿಟ್ಟಿದ್ದಾಳೆ. ಫ್ರಿಜ್ ಮೇಲಿನ ಚಾರ್ಟ್ ಕಿತ್ತಾಯ್ತು. ನಾನು ವಾರಕ್ಕೊಮ್ಮೆ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ, ದೊಡ್ಡತ್ತೆಯ ಸನ್ನೆಗಳನ್ನು ಒಂದೊಂದಾಗಿ ಕೇಳಿ ಬರೆದಿಟ್ಟುಕೊಳ್ತಿದ್ದೀನಿ. ಇವತ್ತಿಗೆ 112 ಆಗಿವೆ. ಮಗಳಿಗೂ ಅವರು ಒಂದು ಹೆಸರಿಟ್ಟಿದ್ದಾರೆ: ಕೆನ್ನೆಯ ದೃಷ್ಟಿಬೊಟ್ಟಿನ ಜಾಗಕ್ಕೆ ಕಿರುಬೆರಳು.