ಈ ಸೇರು ಯಾರ ಮನೇದು?

ಯೂಟ್ಯೂಬ್‌ನಲ್ಲಿ ಒಂದು ಥರದ ವಿಡಿಯೋಗಳಿವೆ, ನೀವೂ ನೋಡಿರ್ತೀರ. ಹೊರದೇಶದವರು ಯಾರೋ ಬಂದು, ಬಾಡಿಗೆಗೆ ವ್ಯಾನ್ ತಗೊಂಡು, ಫ್ರಾನ್ಸಿನ ಹಳ್ಳಿಗಳನ್ನ ಸುತ್ತಿ ಹಳೇ ಸಾಮಾನು ಕೊಳ್ತಾರೆ. ತಾಮ್ರದ ಪಾತ್ರೆ, ಮಂಕಾದ ಕನ್ನಡಿ, ಮರದ ಪೆಟ್ಟಿಗೆ. ಅಲ್ಲಿ ಊರೂರಲ್ಲಿ ‘ವಿದ್ ಗ್ರೆನಿಯೆ’ ಅಂತ ಸಂತೆ ನಡೆಯುತ್ತೆ. ಹಾಗಂದ್ರೆ ಅಟ್ಟ ಖಾಲಿ ಮಾಡೋದು ಅಂತ. ಮನೆಯವರೇ ಟೇಬಲ್ ಹಾಕಿಕೊಂಡು ಕೂತು ಅಜ್ಜಿ ಕಾಲದ ಸಾಮಾನು ಮಾರ್ತಾರೆ. ವ್ಯಾಪಾರಿ ಅಲ್ಲದವರು ವರ್ಷಕ್ಕೆ ಎರಡೇ ಸಲ ಹೀಗೆ ಮಾರಬಹುದು ಅಂತ ಕಾನೂನೂ ಇದೆ. ಬಿ.ಕಾಂ. ಓದಿದ ನನಗೆ ಈ ರೂಲ್ ಭಾಳ ಹಿಡಿಸ್ತು.

ನಾನು ಫ್ರಾನ್ಸಿಗೆ ಹೋಗಿಲ್ಲ. ಆದ್ರೆ ಆ ಸಂತೆಗಳಲ್ಲಿ ಸಿಗೋ ಒಂದು ವಸ್ತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ದುಂಡಗಿನ ಮರದ ಡಬ್ಬ, ಸುತ್ತ ಕಬ್ಬಿಣದ ಪಟ್ಟಿ. ಹೆಸರು ‘ಬ್ವಾಸೊ’. ಗೋಧಿ ಅಳೆಯೋ ಮಾಪ ಅದು. ಈಗ ಅದರಲ್ಲಿ ಒಣಗಿದ ಹೂವಿನ ಗೊಂಚಲು ಇಟ್ಟು ಫೋಟೋ ತೆಗೀತಾರೆ. ಅದನ್ನ ನೋಡಿದ ತಕ್ಷಣ ನನಗೆ ನೆನಪಾಗಿದ್ದು ಬಿಟಿಎಂ ಲೇಔಟಿನ ಒಂದು ಕೆಫೆ. ಅಲ್ಲಿ ಹಿತ್ತಾಳೆ ಪಟ್ಟಿಯ ಹಳೇ ಸೇರಿನಲ್ಲಿ ಮನಿ ಪ್ಲಾಂಟ್ ನೆಟ್ಟಿದ್ದಾರೆ.

ಇವತ್ತಿನ ಎಪಿಸೋಡ್ ಈ ಎರಡು ಡಬ್ಬಗಳ ಬಗ್ಗೆ. ಎರಡರ ಕಥೆಯೂ ಒಂದೇ, ಮಧ್ಯೆ ಸುಮಾರು 160 ವರ್ಷ ಅಂತರ ಅಷ್ಟೇ.

ಮೊದಲು ಫ್ರಾನ್ಸ್. 1789ರ ಕ್ರಾಂತಿಗೆ ಮುಂಚೆ ಅಲ್ಲಿ ಅಳತೆ ಅನ್ನೋದು ಊರಿಗೊಂದು ಥರ. ಒಂದೂರಿನ ಬ್ವಾಸೊ ಪಕ್ಕದೂರಿಗೆ ಹೋದರೆ ಬೇರೆ. ಎಷ್ಟೋ ಕಡೆ ಮಾಪ ಇರ್ತಿದ್ದಿದ್ದು ಜಮೀನ್ದಾರನ ಹತ್ತಿರ. ರೈತ ಕೊಡಬೇಕಾದ ಧಾನ್ಯವನ್ನ ಅವನ ಮಾಪದಲ್ಲೇ ಅಳೀಬೇಕು. ಡಬ್ಬ ಸ್ವಲ್ಪ ದೊಡ್ಡದಾದ್ರೆ, ಅಥವಾ ಮೇಲೆ ಗೋಪುರದ ಹಾಗೆ ರಾಶಿ ಹಾಕಿಸಿಕೊಂಡ್ರೆ, ನಷ್ಟ ಯಾರಿಗೆ? ಕ್ರಾಂತಿಯ ವರ್ಷ ಊರೂರಿಂದ ರಾಜನಿಗೆ ಹೋದ ದೂರಿನ ಪಟ್ಟಿಗಳಲ್ಲಿ ‘ಎಲ್ಲಾ ಕಡೆ ಒಂದೇ ಅಳತೆ ಮಾಡಿ’ ಅನ್ನೋ ಬೇಡಿಕೆ ಮತ್ತೆ ಮತ್ತೆ ಬರುತ್ತೆ. 1795ರಲ್ಲಿ ಮೆಟ್ರಿಕ್ ಪದ್ಧತಿಗೆ ಕಾನೂನು ಬಂತು. ಜನ ಅಷ್ಟು ಬೇಗ ಒಗ್ಗಲಿಲ್ಲ. ಕೊನೆಗೆ 1840ರಿಂದ ಕಡ್ಡಾಯ ಆಯ್ತು. ಬ್ವಾಸೊ ಅಟ್ಟ ಸೇರ್ತು.

ಈಗ ನಮ್ಮ ಕಡೆ ಬನ್ನಿ. ನಾಲ್ಕು ಪಾವು ಸೇರಿದ್ರೆ ಒಂದು ಸೇರು. ಅರ್ಧ ಸೇರಿಗೆ ಅಚ್ಚೇರು. ಪಾವಿಗಿಂತ ಚಿಕ್ಕದು ಚಟಾಕು, ಸೇರಿಗಿಂತ ದೊಡ್ಡದು ಬಳ್ಳ, ಕೊಳಗ. ಇಲ್ಲೂ ಅಷ್ಟೇ, ಒಂದು ಸೀಮೆಯ ಕೊಳಗ ಇನ್ನೊಂದು ಸೀಮೆಯಲ್ಲಿ ನಡೀತಿರಲಿಲ್ಲ. 1956ರಲ್ಲಿ ತೂಕ ಮತ್ತು ಅಳತೆಯ ಕಾಯ್ದೆ ಬಂತು, 1958ರ ಅಕ್ಟೋಬರಿನಿಂದ ಮೆಟ್ರಿಕ್ ಹಂತ ಹಂತವಾಗಿ ಜಾರಿ ಆಯ್ತು. 60ರ ದಶಕದಲ್ಲಿ ಅಂಗಡಿಯಲ್ಲಿ ಕಿಲೋ, ಲೀಟರ್ ಕಡ್ಡಾಯ. ಅಂದ್ರೆ ನಮ್ಮ ಸೇರು ‘ಆಂಟಿಕ್’ ಆಗಿದ್ದು ಬರೀ ಹಳೇದಾಗಿದ್ದಕ್ಕಲ್ಲ. ಒಂದು ಕಾನೂನು ಅದನ್ನ ಅಂಗಡಿಯಿಂದ ಆಚೆ ಹಾಕ್ತು.

ಆದ್ರೆ ಮಾಪದ ಇನ್ನೊಂದು ಜಾಗ ಇತ್ತು: ಧಣಿಗಳ ಮನೆ ಅಂಗಳ. ಗೇಣಿ ಅಳೀತಿದ್ದಿದ್ದು ಅಲ್ಲಿ. ಕರಾವಳಿಯಲ್ಲಿ ಗೇಣಿಯನ್ನ ಮುಡಿ ಲೆಕ್ಕದಲ್ಲಿ ಕೊಡೋರು. ಮುಡಿ ಅಂದ್ರೆ ಹುಲ್ಲಿನಲ್ಲಿ ಬಿಗಿಯಾಗಿ ಕಟ್ಟಿದ ಅಕ್ಕಿಯ ಉಂಡೆ. ‘ಚಾಲಗೇಣಿ’ ಒಕ್ಕಲಿಗೆ ಭೂಮಿ ಮೇಲೆ ಗಟ್ಟಿ ಹಕ್ಕು ಇರಲಿಲ್ಲ. ದೇವರಾಜ ಅರಸು ಕಾಲದಲ್ಲಿ ಭೂಸುಧಾರಣೆ ತಿದ್ದುಪಡಿ ಬಂತು, 1974ರ ಮಾರ್ಚ್ 1ರಿಂದ ಜಾರಿ. ಉಳೋನು ಒಡೆಯ ಆದ. ಎಷ್ಟೋ ಒಕ್ಕಲು ಮನೆಗಳಲ್ಲಿ ಮುಂದಿನ ತಲೆಮಾರು ಶಾಲೆ, ಕಾಲೇಜು ಮೆಟ್ಟಿಲು ಹತ್ತಿದ್ದು ಆಮೇಲೆ.

ಗೇಣಿ ನಿಂತಾಗ ದೊಡ್ಡ ಚೌಕಿ ಮನೆಗಳ ಆದಾಯ ನಿಂತು ಹೋಯ್ತು. ಮಕ್ಕಳು ಕೆಲಸ ಹುಡುಕಿಕೊಂಡು ಮುಂಬೈ, ಬೆಂಗಳೂರು ಸೇರಿದ್ರು. ಹೆಂಚು ತೆಗೆದರು, ಕೆತ್ತನೆಯ ಕಂಬ ಕಿತ್ತರು, ಮರದ ಲೆಕ್ಕಕ್ಕೆ ಮಾರಿದರು. ಕೊಳ್ಳೋರು ಹುಡುಕಿಕೊಂಡು ಬರ್ತಿದ್ರು. ಫ್ರಾನ್ಸಿನ ವ್ಯಾನ್ ಜಾಗದಲ್ಲಿ ಇಲ್ಲಿ ಲಾರಿ ಅನ್ಕೊಳ್ಳಿ. ತಮಿಳುನಾಡಿನ ಚೆಟ್ಟಿನಾಡಿನಲ್ಲೂ ಹೀಗೇ ಮನೆಗಳು ಖಾಲಿಯಾದವು. ಕಾರೈಕುಡಿಯಲ್ಲಿ ಮುನೀಶ್ವರನ್ ಕೋಯಿಲ್ ಬೀದಿ ಅಂತ ಹಳೇ ಸಾಮಾನಿನದ್ದೇ ಒಂದು ಬೀದಿ ಇದೆ.

ಇದೇ ರೀತಿ ಊರೂರು ಸುತ್ತಿದ ಇನ್ನೊಂದು ಥರದ ಜನರೂ ಇದ್ರು. ಮಣಿಪಾಲದ ವಿಜಯನಾಥ ಶೆಣೈ ಬ್ಯಾಂಕ್ ಉದ್ಯೋಗಿ. ಬೀಳ್ತಿದ್ದ ಹಳೇ ಮನೆಗಳನ್ನೇ ಪಡೆದು, ಒಂದೊಂದು ತೊಲೆ ಬಿಚ್ಚಿ ತಂದು, ಮಣಿಪಾಲದಲ್ಲಿ ಮತ್ತೆ ಜೋಡಿಸಿದರು. ಅದೇ ಇವತ್ತಿನ ಹೆರಿಟೇಜ್ ವಿಲೇಜ್. ಚಿತ್ರದುರ್ಗ ಜಿಲ್ಲೆಯ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಹಳ್ಳಿ ಹಳ್ಳಿ ಸುತ್ತಿ, ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯಕ್ಕೆ ಸಾಮಾನು ಕೂಡಿಸಿದರು. ಅದು ಶುರುವಾಗಿದ್ದು 1968ರಲ್ಲಿ, ಈಗ ಜಯಲಕ್ಷ್ಮಿ ವಿಲಾಸ ಅರಮನೆಯಲ್ಲಿದೆ. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು ರಾಮನಗರದ ಹತ್ತಿರ ಜಾನಪದ ಲೋಕ ಕಟ್ಟಿದರು. ಬನಶಂಕರಿಯಿಂದ ಮೈಸೂರು ರಸ್ತೆ ಹಿಡಿದ್ರೆ ಒಂದು ಭಾನುವಾರದ ಬೈಕ್ ರೈಡ್ ಅಷ್ಟೇ. ಅಲ್ಲಿ ಒನಕೆ, ಬೀಸೋಕಲ್ಲು ಇರೋದು ಒಂದು ಕಡೆಯಾದ್ರೆ, ಹಾಡು ಹೇಳೋರ ದನಿಗಳನ್ನೂ ಅವರು ರೆಕಾರ್ಡ್ ಮಾಡಿಸಿಟ್ಟರು. ಬೀಸೋಕಲ್ಲಿನ ಜೊತೆ ಬೀಸೋವಾಗಿನ ಹಾಡೂ ಉಳೀತು.

ವ್ಯಾಪಾರಿಗೂ ಇವರಿಗೂ ಇರೋ ವ್ಯತ್ಯಾಸ ನನಗೆ ಕಾಣೋದು ಇಲ್ಲಿ. ಅಕೌಂಟ್ಸ್‌ನಲ್ಲಿ ಸವಕಳಿ ಅಂತ ಓದ್ತೀವಿ. ವರ್ಷ ವರ್ಷ ವಸ್ತುವಿನ ಬೆಲೆ ಇಳಿದು ಕೊನೆಗೆ ಗುಜರಿ ರೇಟು. ಸೇರು ಆ ಗುಜರಿ ರೇಟು ಮುಟ್ಟಿ, ಐವತ್ತು ವರ್ಷ ಅಟ್ಟದಲ್ಲಿ ಮಲಗಿ, ಆಮೇಲೆ ಇದ್ದಕ್ಕಿದ್ದಂತೆ ಮೇಲೆ ಏರುತ್ತೆ. ಆ ಏರಿಕೆಯಲ್ಲಿ ದುಡ್ಡು ವಾಪಸ್ ಬರುತ್ತೆ. ಅದನ್ನ ಯಾರು ತುಂಬಿದ್ರು, ಯಾರ ಎದುರು ತುಂಬಿದ್ರು, ತಲೆ ತೆಗೆದು ಅಳೆದ್ರಾ, ರಾಶಿ ಹಾಕಿಸಿಕೊಂಡ್ರಾ, ಅದು ವಾಪಸ್ ಬರಲ್ಲ. ಕೆಫೆಯ ಸೇರಿನ ಹಿಂದೆ ಒಬ್ಬ ಧಣಿ ಇದ್ದಿರಬಹುದು, ಒಬ್ಬ ಒಕ್ಕಲೂ ಇದ್ದಿರಬಹುದು. ‘ವಿಂಟೇಜ್’ ಅನ್ನೋ ಚೀಟಿಯಲ್ಲಿ ಇಬ್ಬರೂ ಇಲ್ಲ.

ಕಾನೂನು ಇದನ್ನೆಲ್ಲ ಕಾಯುತ್ತಾ? ಸ್ವಲ್ಪ ಮಟ್ಟಿಗೆ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕಲಾಕೃತಿ, ಕರಕುಶಲ ವಸ್ತು, ಇತಿಹಾಸಕ್ಕೆ ಬೇಕಾದ ವಸ್ತು ‘ಪುರಾತನ’. ಮಹತ್ವದ ಹಸ್ತಪ್ರತಿಗಳಿಗೆ 75 ವರ್ಷ. ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸೋ ಹಾಗಿಲ್ಲ. ಆದ್ರೆ 1930ರ ಸೇರಿಗೆ ಇನ್ನೂ ನೂರು ತುಂಬಿಲ್ಲ. ಅದರ ಕಥೆಗಂತೂ ಯಾವ ಸೆಕ್ಷನ್ನೂ ಇಲ್ಲ.

ಇದು ನಮಗೆ ಈಗ ಯಾಕೆ ಮುಖ್ಯ ಅಂದ್ರೆ, ನಮ್ಮ ಏರಿಯಾದಲ್ಲೇ ಅಟ್ಟಗಳು ಖಾಲಿಯಾಗ್ತಿವೆ. ಜಯನಗರ 1948ರಲ್ಲಿ ಶುರುವಾದ ಬಡಾವಣೆ. ಮೊದಲ ತಲೆಮಾರಿನವರು ಕಟ್ಟಿದ ಮನೆಗಳು ಒಂದೊಂದಾಗಿ ಬಿಲ್ಡರ್ ಕೈ ಸೇರ್ತಿವೆ. ಊರಿಂದ ತಂದಿದ್ದ ಕೊಳಗ, ಮರಿಗೆ, ಕಡಗೋಲು ಎಲ್ಲಾ ಗುಜರಿ ಗಾಡಿ ಹತ್ತೋದು ಮನೆ ಕೆಡವೋ ಆ ಒಂದು ವಾರದಲ್ಲೇ.

ನಮ್ಮಜ್ಜಿ ಈಗಲೂ ಅಕ್ಕಿ ಹಾಕೋವಾಗ ಪಾವು ಅಂತಲೇ ಲೆಕ್ಕ ಹೇಳ್ತಾರೆ. ಒಂದಿನ ಫೋನಿನ ರೆಕಾರ್ಡರ್ ಆನ್ ಮಾಡಿ, ‘ಅಜ್ಜಿ, ಈ ಪಾವು ಯಾರ ಮನೇದು?’ ಅಂತ ಕೇಳಿದೆ. ಇಪ್ಪತ್ತು ನಿಮಿಷ ಮಾತಾಡಿದ್ರು. ಅದರಲ್ಲಿ ಪಾವಿನ ಬಗ್ಗೆ ಎರಡು ನಿಮಿಷ. ಉಳಿದದ್ದೆಲ್ಲ, ಪಕ್ಕದ ಮನೆಯವರು ಕಡ ತಗೊಂಡು ಹೋದ ರಾಗಿ, ವಾಪಸ್ ಕೊಡೋವಾಗ ತಲೆ ತೆಗೆದು ಅಳೆದಿದ್ದು, ಅದರಿಂದ ನಿಂತುಹೋದ ಮಾತು.

ನಿಮ್ಮನೆಯಲ್ಲಿ ಹಳೇದೊಂದು ಸಾಮಾನು ಇದ್ರೆ, ಅಥವಾ ನೀವೇ ಒಂದು ಕೊಳ್ಳೋಕೆ ಹೋದ್ರೆ, ಮೂರು ಪ್ರಶ್ನೆ ಕೇಳಿ. ಇದಕ್ಕೆ ಏನು ಹೆಸರು? ಯಾವ ಊರಿಂದು? ಇದನ್ನ ಯಾರು, ಯಾತಕ್ಕೆ ಬಳಸ್ತಿದ್ರು? ಅಂಗಡಿಯವರಿಗೆ ಉತ್ತರ ಗೊತ್ತಿಲ್ಲ ಅಂದ್ರೆ, ಚೌಕಾಸಿ ಮಾಡೋಕೆ ಅದೂ ಒಂದು ಕಾರಣ. ಉತ್ತರ ಸಿಕ್ಕಿದ್ರೆ ಬರೆದು ಆ ವಸ್ತುವಿನ ಒಳಗೇ ಹಾಕಿಡಿ. ಬೇಕಿದ್ರೆ ಆಮೇಲೆ ಗಿಡ ನೆಡಿ.

ಮುಂದಿನ ವಾರ ಸಿಗೋಣ.