ಮರುಭೂಮಿಯಲ್ಲಿ ಗ್ರೆಂಡೈಝರ್

2001ರಲ್ಲಿ ಸೌದಿ ಅರೇಬಿಯಾ ಪೋಕೆಮಾನ್ ಆಟ, ಕಾರ್ಡು ಎರಡನ್ನೂ ನಿಷೇಧಿಸಿತು. ಇದು ಜೂಜು ಇದ್ದ ಹಾಗಿದೆ ಅಂತ ಫತ್ವಾ ಬಂದಿತ್ತು. ಅದೇ ದೇಶ 2024ರ ಮಾರ್ಚ್‌ನಲ್ಲಿ, ರಿಯಾದ್ ಹೊರವಲಯದ ಕಿದ್ದಿಯಾದಲ್ಲಿ ಡ್ರ್ಯಾಗನ್ ಬಾಲ್ ಪಾರ್ಕ್ ಕಟ್ಟುತ್ತೇವೆ ಎಂದಿತು. 5 ಲಕ್ಷ ಚದರ ಮೀಟರ್ ಜಾಗ, 30ಕ್ಕೂ ಹೆಚ್ಚು ಆಟಗಳು, 70 ಮೀಟರ್ ಎತ್ತರದ ಡ್ರ್ಯಾಗನ್. ಆ ಕತೆ ಬರೆದ ಅಕಿರಾ ತೊರಿಯಾಮ ತೀರಿಕೊಂಡು ಆಗಷ್ಟೇ ಮೂರು ವಾರ.

ಎಣ್ಣೆ ದುಡ್ಡು, ಏನು ಬೇಕಾದ್ರೂ ಕೊಳ್ಳುತ್ತೆ ಅಂತ ಹೇಳಿ ಸುಮ್ಮನಾಗಬಹುದು. ಆದರೆ ಈ ಆಸೆಯ ಬೇರು ಇರೋದು ಬೈರೂತ್‌ನಲ್ಲಿ. ಅಂತರ್ಯುದ್ಧ ನಡೀತಿದ್ದಾಗಲೇ, 70ರ ದಶಕದ ಕೊನೆಗೆ, ಲೆಬನಾನಿನ ಕಲಾವಿದರು ಜಪಾನಿನ ‘ಗ್ರೆಂಡೈಝರ್’ ಕಾರ್ಟೂನಿಗೆ ಅರಬ್ಬಿ ದನಿ ಕೊಟ್ಟರು. ಆಡುಮಾತಲ್ಲ, ಪುಸ್ತಕದ ಶುದ್ಧ ಅರಬ್ಬಿ. ಹಾಗಾಗಿ ಕುವೈತಿನ ಹುಡುಗನಿಗೂ ಇರಾಕಿನ ಹುಡುಗಿಗೂ ಅದು ಅರ್ಥವಾಯ್ತು. (ನಾವು ದೂರದರ್ಶನದಲ್ಲಿ ನೋಡಿದ ಮೋಗ್ಲಿಯೂ ಜಪಾನಿನವನೇ, ಆದರೆ ನಮಗೆ ಸಿಕ್ಕಿದ್ದು ಹಿಂದಿಯಲ್ಲಿ.) ತನ್ನ ಗ್ರಹ ನಾಶವಾಗಿ ಭೂಮಿಗೆ ಓಡಿಬಂದ ರಾಜಕುಮಾರನ ಕತೆ ಅದು. ಹೊರಗೆ ಶೆಲ್ ಬೀಳುತ್ತಿದ್ದಾಗ ಅದನ್ನು ಬರೀ ರೋಬೋಗಳ ಜಗಳ ಅಂತ ಯಾವ ಮಗು ನೋಡೀತು?

ಆ ಮಕ್ಕಳಿಗೀಗ ಐವತ್ತರ ಆಸುಪಾಸು. 2022ರಲ್ಲಿ ರಿಯಾದ್‌ನಲ್ಲಿ 33.7 ಮೀಟರಿನ ಗ್ರೆಂಡೈಝರ್ ಎದ್ದು ನಿಂತು ಗಿನ್ನೆಸ್ ಸೇರಿತು. ದನಿ ಕೊಟ್ಟ ಬೈರೂತ್‌ನಲ್ಲಿ ಮಾತ್ರ, 2019ರಿಂದೀಚೆಗೆ, ಬ್ಯಾಂಕಿನಲ್ಲಿಟ್ಟ ತಮ್ಮದೇ ದುಡ್ಡಿಗೆ ಜನ ಪರದಾಡುತ್ತಿದ್ದಾರೆ.