ಒಡವೆಯ ಹಿಂಬದಿ: ಮುಂಬಯಿಯಲ್ಲಿ ಹಳೆಯ ರಷ್ಯನ್ ವಜ್ರದ ಬ್ರೂಚ್‌ಗೆ ಬೆಲೆ ಕಟ್ಟುವ ಬಗೆ

ಮುಂಬಯಿಯಲ್ಲಿ ಹಳೆಯ ಒಡವೆಗೆ ಬೆಲೆ ಕಟ್ಟುವ ಕೆಲಸ ಸಾಮಾನ್ಯವಾಗಿ ಹರಳಿನಿಂದಲೇ ಶುರುವಾಗುತ್ತದೆ. ಝವೇರಿ ಬಜಾರಾಗಲಿ, ಬಾಂದ್ರಾ-ಕುರ್ಲಾ ಸಂಕೀರ್ಣದ ಭಾರತ್ ಡೈಮಂಡ್ ಬೋರ್ಸ್ ಆಗಲಿ, ಕ್ಯಾರಟ್, ಬಣ್ಣ, ನಿರ್ಮಲತೆ, ಕಟ್ ಇವೇ ಮಾತು. ಹೊಸ ವಜ್ರಕ್ಕೆ ಇಷ್ಟು ಸಾಕು. ತ್ಸಾರ್ ಕಾಲದ ಬ್ರೂಚ್‌ಗೆ ಸಾಲದು. ಅದನ್ನು ಮೊದಲು ಮಗುಚಿ ನೋಡಬೇಕು ಎಂಬುದು ನನ್ನ ವಾದ. ರಷ್ಯದಲ್ಲಿ ಚಿನ್ನದ ಶುದ್ಧತೆಯನ್ನು 96 ಜೊಲೊತ್ನಿಕ್‌ಗಳ ಲೆಕ್ಕದಲ್ಲಿ ಹೇಳುತ್ತಿದ್ದರು. ಆದ್ದರಿಂದ ಹಿಂಬದಿಯ 56 ಎಂಬ ಅಂಕಿ ಸುಮಾರು 14 ಕ್ಯಾರಟ್ ಚಿನ್ನವನ್ನೂ 72 ಎಂಬುದು 18 ಕ್ಯಾರಟ್ ಚಿನ್ನವನ್ನೂ ಸೂಚಿಸುತ್ತದೆ. 1899ರಲ್ಲಿ ಕೊಕೊಷ್ನಿಕ್ ಎಂಬ ರಷ್ಯನ್ ಶಿರೋಭೂಷಣ ತೊಟ್ಟ ಹೆಣ್ಣಿನ ಮುಖದ ಮುದ್ರೆ ಬಂತು. ಮೊದಲು ಆ ಮುಖ ಎಡಕ್ಕಿತ್ತು, 1908ರಿಂದ ಬಲಕ್ಕೆ ತಿರುಗಿತು. 583 ಎಂದಿದ್ದರೆ ಅದು 1927ರ ಅನಂತರದ ಸೋವಿಯತ್ ಮುದ್ರೆ. ಅಂಥ ಒಡವೆಯನ್ನು ಅರಮನೆಯದೆಂದು ಮಾರಲು ಬಂದವರ ಕಥೆಯನ್ನು ಈ ಮೂರು ಅಂಕಿಗಳೇ ಪ್ರಶ್ನಿಸುತ್ತವೆ.

ಮುದ್ರೆಯನ್ನು ಯಾರು ಬೇಕಾದರೂ ಒತ್ತಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ತ್ಸಾರರ ಒಡವೆಗಾರ ಫ್ಯಾಬೆರ್ಜೆ ಹೆಸರಿನ ನಕಲಿ ಒಡವೆಗಳಿಗೆ ಕೊರತೆಯಿಲ್ಲ. ಹಾಗೆಂದು ಮುದ್ರೆಯನ್ನು ಬದಿಗಿಡಬೇಕಿಲ್ಲ. ಉಳಿದ ಸಾಕ್ಷ್ಯಗಳೊಡನೆ ಅದನ್ನು ತಾಳೆ ನೋಡಬೇಕು. ಇಂದಿನ ದುಂಡು ಬ್ರಿಲಿಯಂಟ್ ಕಟ್‌ನ ಲೆಕ್ಕಾಚಾರವನ್ನು ವಜ್ರತಜ್ಞ ಟೊಲ್ಕೊವ್‌ಸ್ಕಿ ಪ್ರಕಟಿಸಿದ್ದು 1919ರಲ್ಲಿ. 1908ಕ್ಕೆ ಮುಂಚಿನ ಮುದ್ರೆಯ ಬ್ರೂಚ್‌ನಲ್ಲಿ ಅದೇ ಪ್ರಮಾಣದ ಹರಳುಗಳಿದ್ದರೆ, ಒಂದೋ ಹರಳು ಬದಲಾಗಿದೆ, ಇಲ್ಲವೇ ಮುದ್ರೆ ಸುಳ್ಳು. ಪಿನ್ನು, ಕೊಂಡಿ, ಬೆಸುಗೆಯ ಗುರುತುಗಳನ್ನೂ ಹೀಗೆಯೇ ಪರಿಶೀಲಿಸಬೇಕು. ಪ್ರಯೋಗಾಲಯದ ಪ್ರಮಾಣಪತ್ರ ಹರಳಿನ ಗುಣ ಹೇಳುತ್ತದೆ, ಒಡವೆಯ ಚರಿತ್ರೆಯನ್ನಲ್ಲ.

ಕೊಳ್ಳುವವನು ಹರಳಿಗಷ್ಟೇ ದುಡ್ಡು ಕೊಡುತ್ತಾನೆ, ಚರಿತ್ರೆ ಯಾರಿಗೆ ಬೇಕು ಎಂದು ವ್ಯಾಪಾರಿಗಳು ಕೇಳಬಹುದು. ಮಾಸ್ಕೋದ ವಜ್ರನಿಧಿಯಲ್ಲಿರುವ 88.7 ಕ್ಯಾರಟ್‌ನ ಷಾ ವಜ್ರ ಇದಕ್ಕೆ ಉತ್ತರ. ಅದರ ಮೇಲೆ ಅಹಮದ್‌ನಗರದ ನಿಜಾಮ್ ಷಾ, ಷಾಜಹಾನ್, ಇರಾನಿನ ಫತ್ ಅಲಿ ಷಾ ಈ ಮೂವರ ಹೆಸರು ಕೊರೆದಿದೆ. 1829ರಲ್ಲಿ ಅದು ರಷ್ಯದ ಒಂದನೆಯ ನಿಕೊಲಾಸ್‌ನ ಕೈಸೇರಿತು. ಹೊಳಪಿಗೆಂದು ಅದನ್ನು ಮತ್ತೆ ಕಡೆದಿದ್ದರೆ ದಖ್ಖನ್ನಿನ ಹೆಸರೇ ಪುಡಿಯಾಗಿ ಹೋಗುತ್ತಿತ್ತು. ಹಳೆಯ ಕಟ್‌ನ ಸಣ್ಣ ಹರಳುಗಳನ್ನು ಕಿತ್ತು ಹೊಸದಾಗಿ ಕಡೆಸುವ ಬಜಾರಿನ ಲೆಕ್ಕದಲ್ಲೂ ಆಗುವ ನಷ್ಟ ಇದೇ ಜಾತಿಯದು.

ಚರಿತ್ರೆಗೆ ಬೆಲೆಯಿದೆ ಎಂದ ಮಾತ್ರಕ್ಕೆ ಲಂಡನ್ ಹರಾಜಿನ ಅಂಕಿಯನ್ನು ಇಲ್ಲಿಗೆ ತಂದು ಅಂಟಿಸುವುದೂ ತಪ್ಪು. 1972ರ ಪುರಾವಸ್ತು ಕಾಯಿದೆಯ ವ್ಯಾಖ್ಯೆ ನೂರು ವರ್ಷ ದಾಟಿದ ಕಲಾಕೃತಿ ಯಾವ ದೇಶದಲ್ಲಿ ತಯಾರಾಯಿತೆಂದು ಕೇಳುವುದಿಲ್ಲ, ಖಾಸಗಿಯವರು ಅದನ್ನು ರಫ್ತು ಮಾಡಲು ಬಿಡುವುದೂ ಇಲ್ಲ. ಉದಾಹರಣೆಗೆ, ಹೈದರಾಬಾದ್ ನಿಜಾಮರ ಒಡವೆಗಳು ಮುಂಬಯಿಯ ಬ್ಯಾಂಕೊಂದರ ಭದ್ರತಾ ಕೋಣೆಯಲ್ಲಿದ್ದವು. ದೀರ್ಘ ವ್ಯಾಜ್ಯದ ಬಳಿಕ, 184.75 ಕ್ಯಾರಟ್‌ನ ಜೇಕಬ್ ವಜ್ರವೂ ಸೇರಿದಂತೆ, ಕೇಂದ್ರ ಸರ್ಕಾರ ಅವನ್ನು 1995ರಲ್ಲಿ 218 ಕೋಟಿ ರೂಪಾಯಿಗೆ ಕೊಂಡಿತು. ವಿದೇಶಿ ಹರಾಜಿನ ಬಾಗಿಲು ಮುಚ್ಚಿದ್ದಾಗ ಕೂಡಿಬಂದ ಬೆಲೆ ಅದು. ಆದ್ದರಿಂದ ಮುಂಬಯಿಯ ಮೌಲ್ಯಮಾಪಕರು ತಮ್ಮ ವರದಿಯಲ್ಲಿ ವಿಮೆಯ ಬೆಲೆ, ದೇಶದೊಳಗಿನ ಮಾರಾಟದ ಬೆಲೆ, ಬಿಡಿ ಹರಳಿನ ಬೆಲೆ ಮೂರನ್ನೂ ಬೇರೆಬೇರೆಯಾಗಿ ಕಾಣಿಸಲಿ. ಒಡವೆಯ ಹಿಂಬದಿಯ ಚಿತ್ರವನ್ನೂ ತಪ್ಪದೆ ಲಗತ್ತಿಸಲಿ.